ಪ್ರಶ್ನೆಯನ್ನು ಚಾನೆಲ್‌ನಲ್ಲೇ ಕೇಳಿ

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಗೆ ಸೇರಿದ ಮೊದಲ ದಿನ ಹುಡುಗ ಹುಡುಗಿಯರ ಕೈಗೆ ಸಿಗುವುದು ಗುರುತಿನ ಚೀಟಿ, ಒಂದು ಲ್ಯಾಪ್‌ಟಾಪ್ ಮತ್ತು ಸ್ಲ್ಯಾಕ್ ಎಂಬ ಕಚೇರಿ ಚಾಟ್ ಆ್ಯಪ್‌ಗೆ ಸೇರಿಕೊಳ್ಳಿ ಎನ್ನುವ ಒಂದು ಇಮೇಲ್. ಕೆಲವು ಕಡೆ ಸ್ಲ್ಯಾಕ್ ಜಾಗದಲ್ಲಿ ಮೈಕ್ರೊಸಾಫ್ಟ್ ಟೀಮ್ಸ್ ಇರುತ್ತದೆ, ಇನ್ನು ಕೆಲವು ಕಡೆ ಗೂಗಲ್ ಚಾಟ್ ಅಥವಾ ಜೋಹೊ ಕ್ಲಿಕ್. ಸ್ಲ್ಯಾಕ್ ತೆರೆದರೆ ಎಡಗಡೆ # ಗುರುತು ಹೊತ್ತ ಚಾನೆಲ್ ಹೆಸರುಗಳ ಉದ್ದ ಸಾಲು, ಪ್ರತಿಯೊಂದರೊಳಗೂ ನಡೆಯುತ್ತಲೇ ಇರುವ ಮಾತುಕತೆ. ರಜೆಯ ನಿಯಮ, ಸಂಬಳದ ಖಾತೆ, ಪಾಸ್‌ವರ್ಡ್ ಬದಲಿಸುವ ರೀತಿ ಎಲ್ಲವನ್ನೂ ಹೇಳಿಕೊಡುವ ಕಂಪನಿಗಳು ಇದನ್ನು ಬಳಸುವುದು ಹೇಗೆಂದು ಹೇಳಿಕೊಡುವುದು ಕಡಿಮೆ. ವಾಟ್ಸ್‌ಆ್ಯಪ್ ಗೊತ್ತಿರುವವರಿಗೆ ಇದೇನು ಹೊಸದು ಎಂದುಕೊಂಡುಬಿಡುತ್ತಾರೆ.

ಹೊಸದು ಇದೆ. ಅದು ಗೊತ್ತಾಗದೆ ಹೋದರೆ ಮೊದಲ ಆರು ತಿಂಗಳು ಸುಮ್ಮನೆ ಕಷ್ಟವಾಗುತ್ತದೆ. ಅದರಲ್ಲೂ ಸಣ್ಣ ಊರಿನಿಂದ ಬಂದು, ಇಂಗ್ಲಿಷ್ ಬರೆಯಲು ಹಿಂಜರಿಯುವ ಮಕ್ಕಳಿಗೆ ಹೆಚ್ಚು ಕಷ್ಟ. ಈ ಅಂಕಣ ಮುಖ್ಯವಾಗಿ ಅವರಿಗಾಗಿ. ಜೊತೆಗೆ, ಅವರ ಪಕ್ಕದಲ್ಲಿ ಕೂರುವ ಹಿರಿಯರಿಗಾಗಿ ಕೂಡ.

ಸ್ಲ್ಯಾಕ್ ಹುಟ್ಟಿದ ಬಗೆಯನ್ನು ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಅದನ್ನು ಕಟ್ಟಿದವರು ಮಾಡಲು ಹೊರಟದ್ದು ಒಂದು ಆಟವನ್ನು. ಕೆನಡಾದ ಸ್ಟುವರ್ಟ್ ಬಟರ್‌ಫೀಲ್ಡ್ ಮತ್ತು ಅವರ ಸಂಗಡಿಗರ ಟೈನಿ ಸ್ಪೆಕ್ ಎಂಬ ಕಂಪನಿ 2011ರಲ್ಲಿ ಗ್ಲಿಚ್ ಎಂಬ ಆನ್‌ಲೈನ್ ಆಟವನ್ನು ಹೊರತಂದಿತು. ಆಟ ನೆಲೆಯೂರಲಿಲ್ಲ, 2012ರ ಡಿಸೆಂಬರ್‌ನಲ್ಲಿ ಮುಚ್ಚಿಹೋಯಿತು. (ಫೋಟೊ ಹಂಚುವ ಫ್ಲಿಕರ್ ತಾಣ ಹುಟ್ಟಿದ್ದೂ ಇದೇ ಬಟರ್‌ಫೀಲ್ಡ್ ಅವರ ಇನ್ನೊಂದು ಆಟದ ಪ್ರಯತ್ನದಿಂದಲೇ.) ಆದರೆ ಬೇರೆ ಬೇರೆ ಊರುಗಳಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಆ ತಂಡ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯನ್ನು ಬಳಸುತ್ತಿತ್ತು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ಬರೆದ ವ್ಯವಸ್ಥೆ ಅದು. ಇಂದು ಚಾನೆಲ್ ಹೆಸರಿನ ಮುಂದೆ ಕಾಣುವ # ಗುರುತು ಬಂದಿರುವುದು ಅಲ್ಲಿಂದಲೇ.

ಐಆರ್‌ಸಿಗೆ ಒಂದು ದೊಡ್ಡ ಕೊರತೆ ಇತ್ತು. ನೀವು ಸಂಪರ್ಕದಲ್ಲಿ ಇಲ್ಲದಾಗ ಆಡಿದ ಮಾತು ನಿಮಗೆ ಸಿಗುತ್ತಿರಲಿಲ್ಲ. ತಂಡದ ವ್ಯಾಂಕೂವರ್‌ನವರು ಮಲಗಿದ ಮೇಲೆ ಇನ್ನೊಂದು ಊರಿನವರು ಏನು ತೀರ್ಮಾನ ಮಾಡಿದರೋ ಬೆಳಿಗ್ಗೆ ಎದ್ದವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ತಂಡದವರು ಎಲ್ಲ ಮಾತನ್ನೂ ಉಳಿಸಿಡುವ, ಆಮೇಲೆ ಹುಡುಕಿ ತೆಗೆಯುವ ಸೌಲಭ್ಯಗಳನ್ನು ಒಂದೊಂದಾಗಿ ಅದಕ್ಕೆ ಜೋಡಿಸುತ್ತಾ ಹೋದರು. ಆಟ ಮುಚ್ಚಿದಾಗ ಕೈಯಲ್ಲಿ ಉಳಿದದ್ದು ಆ ಸಲಕರಣೆ. ಅದನ್ನೇ ಹೊಸದಾಗಿ ಬರೆದು 2013ರ ಆಗಸ್ಟ್‌ನಲ್ಲಿ ಪರೀಕ್ಷೆಗೆ ಬಿಟ್ಟರು, 2014ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದರು. 2021ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಅದನ್ನು ಸುಮಾರು 2,770 ಕೋಟಿ ಡಾಲರ್‌ಗೆ ಕೊಂಡಿತು. 2017ರಲ್ಲಿ ಬಂದ ಟೀಮ್ಸ್ ಸೇರಿದಂತೆ ಉಳಿದವುಗಳ ಅಸ್ಥಿಪಂಜರವೂ ಹೆಚ್ಚುಕಡಿಮೆ ಇದೇ.

ಅಂದರೆ ಈ ಆ್ಯಪ್ ಕಟ್ಟಿದ್ದು ಅಲ್ಲಿ ಹಾಜರಿರದವನಿಗಾಗಿ. ಮಾತು ನಡೆದಾಗ ಮಲಗಿದ್ದವನು, ರಜೆಯಲ್ಲಿದ್ದವಳು, ಇನ್ನೂ ಕೆಲಸಕ್ಕೇ ಸೇರದವರು ಬಂದು ಓದಲಿ ಎಂದು. ನೀವು ಸೇರುವ ದಿನ ಆ ಹಾಜರಿರದವರು ನೀವೇ.

ಹಾಗಾಗಿ ಮೊದಲ ವಾರದ ಕೆಲಸ ಓದುವುದು. ವಾಟ್ಸ್‌ಆ್ಯಪ್ ಗುಂಪಿಗೆ ತಡವಾಗಿ ಸೇರಿದವರಿಗೆ ಸಾಮಾನ್ಯವಾಗಿ ಕಾಣುವುದು ಸೇರಿದ ಮೇಲಿನ ಮಾತು. ಇಲ್ಲಿ ಸಾರ್ವಜನಿಕ ಚಾನೆಲ್‌ಗೆ ಸೇರಿದ ಗಳಿಗೆಯಲ್ಲೇ ಅದರ ಹಿಂದಿನ ಮಾತೂ ನಿಮ್ಮದಾಗುತ್ತದೆ. ನಿಮ್ಮ ತಂಡದ ಚಾನೆಲ್ ತೆರೆದು ಎರಡು ಮೂರು ತಿಂಗಳಷ್ಟು ಹಿಂದಕ್ಕೆ ಹೋಗಿ. ಪಿನ್ ಮಾಡಿಟ್ಟ ಸಂದೇಶಗಳನ್ನು ನೋಡಿ. ತಂಡ ಮುಖ್ಯವೆಂದುಕೊಂಡದ್ದು ಅಲ್ಲಿರುತ್ತದೆ. ಯಾರು ಯಾವುದಕ್ಕೆ ಉತ್ತರ ಕೊಡುತ್ತಾರೆ, ಏನು ಪದೇ ಪದೇ ಕೆಡುತ್ತದೆ, ಯಾವ ತೀರ್ಮಾನದ ಹಿಂದೆ ಎಷ್ಟು ವಾದ ನಡೆದಿದೆ ಎನ್ನುವುದೆಲ್ಲ ಯಾವ ತರಬೇತಿಯ ಸ್ಲೈಡಿನಲ್ಲೂ ಇರುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ನಿಮ್ಮ ಪ್ರಾಜೆಕ್ಟ್ ಹೆಸರು ಹಾಕಿ. ಒಬ್ಬ ವ್ಯಕ್ತಿ ಬರೆದದ್ದನ್ನು ಮಾತ್ರ, ಒಂದು ಚಾನೆಲ್ಲಿನದನ್ನು ಮಾತ್ರ, ಒಂದು ದಿನಾಂಕಕ್ಕೆ ಮೊದಲಿನದನ್ನು ಮಾತ್ರ ಎಂದು ಸೋಸಬಹುದು. ಸ್ಲ್ಯಾಕ್‌ನಲ್ಲಿ ಕಂಟ್ರೋಲ್ ಜೊತೆ ಕೆ ಒತ್ತಿದರೆ ಯಾವ ಚಾನೆಲ್‌ಗೆ ಬೇಕಾದರೂ ನೆಗೆಯಬಹುದು. ಕೀಲಿಮಣೆಯ ನೂರು ಚುರುಕುದಾರಿಗಳಲ್ಲಿ ಈ ಒಂದನ್ನು ಕಲಿತರೂ ಸಾಕು.

ಇನ್ನು ಮುಖ್ಯ ವಿಷಯ.

ಕೆಲಸ ಶುರುವಾದ ಮೇಲೆ ಪ್ರಶ್ನೆಗಳು ಹುಟ್ಟುತ್ತವೆ. ಆಗ ಹೊಸಬರು ಏನು ಮಾಡುತ್ತಾರೆ? ಚಾನೆಲ್‌ನಲ್ಲಿ ನಲವತ್ತು ಜನ ಇದ್ದಾರೆ. ಬರೆದರೆ ಇಂಗ್ಲಿಷ್ ತಪ್ಪಾದೀತು, ಇಷ್ಟೂ ಗೊತ್ತಿಲ್ಲವೇ ಎಂದಾರು, ಮ್ಯಾನೇಜರ್ ನೋಡಿಯಾರು. ಅದಕ್ಕೇ ಪರಿಚಯವಾದ ಒಬ್ಬ ಸೀನಿಯರ್‌ಗೆ ಖಾಸಗಿಯಾಗಿ, ಕಚೇರಿಯ ಮಾತಿನಲ್ಲಿ ಡಿಎಂ ಎನ್ನುತ್ತಾರಲ್ಲ, ಅದರಲ್ಲಿ ಒಂದು ‘ಹಾಯ್ ಸರ್’ ಕಳಿಸಿ ಕಾಯುತ್ತಾರೆ. ಆ ಸೀನಿಯರ್ ಮೀಟಿಂಗಿನಲ್ಲಿದ್ದಾರೆ. ಒಂದು ಗಂಟೆಯ ನಂತರ ‘ಹಾಯ್, ಹೇಳಿ’ ಎಂದು ಉತ್ತರ ಬರುತ್ತದೆ. ಆಗ ಪ್ರಶ್ನೆ ಹೋಗುತ್ತದೆ. ಅಷ್ಟರಲ್ಲಿ ಅವರು ಊಟಕ್ಕೆ ಎದ್ದಿದ್ದಾರೆ. ಹತ್ತು ನಿಮಿಷದ ಸಮಸ್ಯೆಗೆ ಅರ್ಧ ದಿನ ಹೋಯಿತು. ಸಂಜೆ ಸ್ಟ್ಯಾಂಡಪ್‌ನಲ್ಲಿ, ಅಂದರೆ ತಂಡದ ದಿನದ ಪುಟ್ಟ ಸಭೆಯಲ್ಲಿ, ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇಲ್ಲ, ಅಳುಕು ಇನ್ನಷ್ಟು ಹೆಚ್ಚಿತು.

ಇದು ಬುದ್ಧಿಯ ಕೊರತೆ ಅಲ್ಲ. ಪ್ರಶ್ನೆ ಕೇಳಿದ ಜಾಗ ತಪ್ಪಾಗಿದೆ, ಅಷ್ಟೆ. ಆ ಚಾನೆಲ್‌ನಲ್ಲಿ ಉತ್ತರ ಗೊತ್ತಿದ್ದ ಆರು ಜನರಿದ್ದರು. ಅವರಲ್ಲಿ ಯಾರಾದರೊಬ್ಬರು ಆ ಹೊತ್ತಿಗೆ ಬಿಡುವಾಗಿಯೇ ಇರುತ್ತಿದ್ದರು. ಮೆಜೆಸ್ಟಿಕ್‌ನ ಬಸ್ ನಿಲ್ದಾಣದ ವಿಚಾರಣಾ ಕಿಂಡಿಯಲ್ಲಿ ಒಬ್ಬರು ಶಿವಮೊಗ್ಗದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಗಟ್ಟಿಯಾಗಿ ಕೇಳಿದರೆ, ಹಿಂದೆ ನಿಂತ ಐದಾರು ಶಿವಮೊಗ್ಗದವರು ಕೇಳದೆಯೇ ಉತ್ತರ ಪಡೆದು ಹೊರಡುತ್ತಾರೆ. ಚಾನೆಲ್‌ನಲ್ಲಿ ಕೇಳಿದ ಪ್ರಶ್ನೆಗೂ ಹಾಗೆಯೇ. ನಿಮ್ಮ ಜೊತೆಗೇ ಸೇರಿದ ಇನ್ನಿಬ್ಬರು ಅದೇ ಕಡೆ ಸಿಕ್ಕಿಕೊಂಡು ಬಾಯಿ ಬಿಡದೆ ಕುಳಿತಿರುತ್ತಾರೆ. ಮುಂದಿನ ವರ್ಷ ಸೇರುವವರು ಅದೇ ಎರರ್ ಅನ್ನು ಹುಡುಕಿದಾಗ ನಿಮ್ಮ ಪ್ರಶ್ನೆ, ಅದರಡಿಯ ಉತ್ತರ ಎರಡೂ ಸಿಗುತ್ತವೆ. ಡಿಎಂನಲ್ಲಿ ಪಡೆದ ಉತ್ತರ ಇಬ್ಬರ ನಡುವೆಯೇ ಉಳಿದುಹೋಗುತ್ತದೆ. ಆ ಸೀನಿಯರ್ ಕಂಪನಿ ಬಿಟ್ಟ ದಿನ ಅದೇ ಪ್ರಶ್ನೆಗೆ ಮತ್ತೆ ಮೊದಲಿನಿಂದ ಉತ್ತರ ಹುಡುಕಬೇಕು.

ಕೇಳುವ ರೀತಿಯೂ ಮುಖ್ಯ. ಬರೀ ‘ಹಾಯ್’ ಬೇಡ, ‘ಒಂದು ಡೌಟ್ ಇತ್ತು’ ಕೂಡ ಬೇಡ. ಮೊದಲ ಸಂದೇಶದಲ್ಲೇ ಪೂರ್ತಿ ವಿಷಯ ಇರಲಿ. ಹೀಗೆ: ‘ಪೇಮೆಂಟ್ ಸರ್ವಿಸ್ ನನ್ನ ಲ್ಯಾಪ್‌ಟಾಪಿನಲ್ಲಿ ಶುರುವಾಗುತ್ತಿಲ್ಲ. ರೀಡ್‌ಮಿಯ ನಾಲ್ಕನೇ ಹಂತದವರೆಗೆ ಸರಿ ಬಂತು. ಆಮೇಲೆ ಡೇಟಾಬೇಸ್ ಕನೆಕ್ಷನ್ ಆಗುತ್ತಿಲ್ಲ. ವಿಪಿಎನ್ ಆನ್ ಇದೆ. ಪೂರ್ತಿ ಎರರ್ ಥ್ರೆಡ್‌ನಲ್ಲಿ ಹಾಕಿದ್ದೇನೆ. ಇನ್ನೇನು ನೋಡಬೇಕು?’ ಏನು ಮಾಡಲು ಹೊರಟೆ, ಎಲ್ಲಿಯವರೆಗೆ ಬಂದೆ, ಏನಾಯಿತು, ಏನನ್ನು ಆಗಲೇ ನೋಡಿದ್ದೇನೆ. ಇಷ್ಟಿದ್ದರೆ ಓದಿದವರು ಮರುಪ್ರಶ್ನೆ ಹಾಕದೆ ನೇರವಾಗಿ ಸಹಾಯಕ್ಕೆ ಬರುತ್ತಾರೆ. ಎರರ್‌ನ ಫೋಟೊ ತೆಗೆದು ಹಾಕುವುದಕ್ಕಿಂತ ಅದರ ಅಕ್ಷರಗಳನ್ನೇ ಅಂಟಿಸುವುದು ಒಳ್ಳೆಯದು. ಅದೇ ತೊಂದರೆಗೆ ಸಿಕ್ಕವರು ಹುಡುಕುವುದು ಆ ಅಕ್ಷರಗಳನ್ನೇ.

ಇಂಗ್ಲಿಷಿನ ಅಂಜಿಕೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ನಿಜವಾದ ಅಂಜಿಕೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ತಂಡಗಳಲ್ಲಿ ಬರೆಯುವ ಇಂಗ್ಲಿಷನ್ನು ಎರಡು ವಾರ ಓದಿ ನೋಡಿ. ಜಪಾನಿನವರು, ಬ್ರೆಜಿಲಿನವರು, ತಮಿಳರು, ಬಂಗಾಳಿಗಳು ಎಲ್ಲರೂ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಕೆಲಸ ಮುಗಿಸುತ್ತಾರೆ. ಅಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಕೊಡುವುದಿಲ್ಲ. ತಪ್ಪಾಗಿ ಹೋದದ್ದನ್ನು ಮತ್ತೆ ತಿದ್ದಲೂ ಬರುತ್ತದೆ. ಓದುವವರೆಲ್ಲ ಕನ್ನಡಿಗರಾದರೆ ಕನ್ನಡದಲ್ಲೇ ಬರೆಯಿರಿ. ಯೂನಿಕೋಡ್ ಕನ್ನಡ ಈ ಆ್ಯಪ್‌ಗಳಲ್ಲಿ ಚೆನ್ನಾಗಿ ಮೂಡುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಸಣ್ಣ ಕಚೇರಿಗಳಿಗೆ ಅದೇ ಸಹಜ ದಾರಿ. ಸ್ಲ್ಯಾಕ್‌ನ ಮೆನುಗಳು ಮಾತ್ರ ಇನ್ನೂ ಕನ್ನಡದಲ್ಲಿಲ್ಲ, ಆ ಬೇಡಿಕೆಯನ್ನು ಕನ್ನಡಿಗರು ಜೋರಾಗಿಯೇ ಇಡಬೇಕು.

ಹಿರಿಯರ ಪಾಲು ಇಲ್ಲಿ ದೊಡ್ಡದು. ಹೊಸಬರು ಡಿಎಂನಲ್ಲಿ ಕೇಳಿದರೆ, ‘ಒಳ್ಳೆಯ ಪ್ರಶ್ನೆ, ಚಾನೆಲ್‌ನಲ್ಲಿ ಹಾಕಿ, ಅಲ್ಲೇ ಉತ್ತರಿಸುತ್ತೇನೆ’ ಎನ್ನಿ, ಮತ್ತು ತಕ್ಷಣ ಉತ್ತರಿಸಿ. ನೀವೂ ನಿಮ್ಮ ಅನುಮಾನಗಳನ್ನು ಎಲ್ಲರೆದುರು ಕೇಳಿ. ಹನ್ನೆರಡು ವರ್ಷದ ಅನುಭವಿ ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಚಾನೆಲ್‌ನಲ್ಲಿ ಬರೆದರೆ ಹೊಸಬರಿಗೆ ಸಿಗುವ ಧೈರ್ಯವನ್ನು ಯಾವ ಪ್ರೇರಣಾ ಭಾಷಣವೂ ಕೊಡಲಾರದು. ಒಬ್ಬ ಫ್ರೆಶರ್‌ನ ಪ್ರಶ್ನೆಗೆ ‘ಡಾಕ್ಯುಮೆಂಟ್ ಓದಿಲ್ಲವೇ?’ ಎಂದು ಒಬ್ಬರು ಕಟುವಾಗಿ ಬರೆದರೆ, ಅದನ್ನು ಮೌನವಾಗಿ ನೋಡುತ್ತಿದ್ದ ಹತ್ತು ಜನ ಮತ್ತೆ ಅಲ್ಲಿ ಬಾಯಿ ಬಿಡುವುದಿಲ್ಲ. ಡಾಕ್ಯುಮೆಂಟ್ ಇದ್ದರೆ ಅದರ ಕೊಂಡಿ ಕೊಟ್ಟರಾಯಿತು.

ಡಿಎಂ ಬೇಡವೇ ಬೇಡ ಎಂದಲ್ಲ. ಆರೋಗ್ಯ, ಸಂಬಳ, ಮನೆಯ ತೊಂದರೆ, ಸಹೋದ್ಯೋಗಿಯ ಕೆಲಸದ ಬಗ್ಗೆ ಅವರಿಗೆ ಹೇಳಬೇಕಾದ ಟೀಕೆ ಇವೆಲ್ಲ ಖಾಸಗಿಯಾಗಿಯೇ ನಡೆಯಬೇಕು. ಆದರೆ ಖಾಸಗಿ ಎಂದರೆ ಸಹೋದ್ಯೋಗಿಗಳಿಗೆ ಕಾಣದ್ದು ಎಂದಷ್ಟೇ ಅರ್ಥ. ಈ ವ್ಯವಸ್ಥೆ ಕಂಪನಿಯ ಸ್ವತ್ತು. ಕೆಲವು ಷರತ್ತುಗಳ ಮೇಲೆ ಕಂಪನಿ ಡಿಎಂಗಳ ಪ್ರತಿಯನ್ನೂ ತೆಗೆಸಿಕೊಳ್ಳಬಹುದು. ಮನಸ್ಸಿನ ಹೊರೆ ಇಳಿಸಲು ಸ್ವಂತ ಫೋನು, ಸ್ವಂತ ಗೆಳೆಯರು ಇದ್ದಾರೆ.

ಥ್ರೆಡ್ ಎಂಬುದನ್ನು ಮೇಲೆ ಹೇಳಿದೆ. ಒಂದು ಸಂದೇಶಕ್ಕೆ ಅದರ ಕೆಳಗೇ ಉತ್ತರಗಳ ಸಾಲು ಬೆಳೆಸುವ ಸೌಲಭ್ಯ ಅದು. ಸ್ಲ್ಯಾಕ್‌ಗೆ 2017ರ ಜನವರಿಯಲ್ಲಿ ಬಂತು. ಅದಿಲ್ಲದಿದ್ದರೆ ಮೂರು ವಿಷಯಗಳ ಮಾತು ಒಂದರೊಳಗೊಂದು ಹೆಣೆದುಕೊಂಡು ಯಾವ ಉತ್ತರ ಯಾವ ಪ್ರಶ್ನೆಗೆ ಎಂದು ತಿಳಿಯುವುದಿಲ್ಲ. ನಿಯಮ ಸರಳ: ಹೊಸ ವಿಷಯವಾದರೆ ಚಾನೆಲ್‌ನಲ್ಲಿ, ಇದ್ದ ವಿಷಯಕ್ಕೆ ಉತ್ತರವಾದರೆ ಥ್ರೆಡ್‌ನಲ್ಲಿ. ಥ್ರೆಡ್‌ನೊಳಗೆ ದೊಡ್ಡ ತೀರ್ಮಾನ ಆದರೆ ಅದನ್ನು ಚಾನೆಲ್‌ಗೂ ಕಳಿಸುವ ಚೌಕವಿದೆ, ಅದನ್ನು ಒತ್ತಿ. ಅರವತ್ತನೇ ಉತ್ತರದಲ್ಲಿ ಅಡಗಿದ ತೀರ್ಮಾನ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ವಿಷಯದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಜುಲಿಪ್ ಎಂಬ ಇನ್ನೊಂದು ಆ್ಯಪ್‌ನ ಕ್ರಮ. 2012ರಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಶುರುವಾಗಿ, 2014ರಲ್ಲಿ ಡ್ರಾಪ್‌ಬಾಕ್ಸ್ ಕೈಸೇರಿ, 2015ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು ಅದು. ಅಲ್ಲಿ ಚಾನೆಲ್‌ನೊಳಗಿನ ಮಾತೆಲ್ಲ ಹೆಸರುಳ್ಳ ವಿಷಯಗಳಾಗಿ ವಿಂಗಡವಾಗಿರುತ್ತದೆ, ಇಮೇಲ್‌ಗೆ ತಲೆಬರಹ ಇರುವಂತೆ. ನಾಲ್ಕು ದಿನ ಬಿಟ್ಟು ಬಂದವರು ತಮಗೆ ಸಂಬಂಧಿಸಿದ ವಿಷಯಗಳನ್ನು ಮಾತ್ರ ಓದಿ ಉಳಿದದ್ದನ್ನು ಬಿಡಬಹುದು. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಇಲ್ಲಿಯವರು ಕೆಲಸ ಮುಗಿಸುವಾಗ ಅಲ್ಲಿಯವರಿಗೆ ಬೆಳಗಾಗುವ ತಂಡಗಳಿಗೆ ಈ ಶಿಸ್ತು ತುಂಬ ಬೇಕು. ನಿಮ್ಮಲ್ಲಿ ಸ್ಲ್ಯಾಕ್ ಅಥವಾ ಟೀಮ್ಸ್ ಇದ್ದರೂ ಅದನ್ನು ನೀವೇ ತಂದುಕೊಳ್ಳಬಹುದು: ಸಂದೇಶದ ಮೊದಲ ಸಾಲಿನಲ್ಲಿ ವಿಷಯವೇನೆಂದು ದಪ್ಪಕ್ಷರದಲ್ಲಿ ಬರೆಯಿರಿ, ಉಳಿದದ್ದು ಥ್ರೆಡ್‌ಗೆ ಹೋಗಲಿ.

ಸ್ವಂತವಾಗಿ ಇಂಥದ್ದೊಂದನ್ನು ಶುರುಮಾಡಬೇಕೆಂದಿರುವ ಸಣ್ಣ ಸಂಸ್ಥೆಗಳು, ಮುದ್ರಣಾಲಯಗಳು, ಆಡಿಟರ್ ಕಚೇರಿಗಳು, ಸ್ವಯಂಸೇವಾ ಗುಂಪುಗಳು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಸ್ಲ್ಯಾಕ್‌ನ ಉಚಿತ ಆವೃತ್ತಿಯಲ್ಲಿ ಹಿಂದೆ ಕೊನೆಯ 10,000 ಸಂದೇಶಗಳು ಕಾಣುತ್ತಿದ್ದವು. 2022ರ ಸೆಪ್ಟೆಂಬರ್‌ನಿಂದ ಕಾಣುವುದು ಕೊನೆಯ 90 ದಿನಗಳದ್ದು ಮಾತ್ರ. 2024ರ ಆಗಸ್ಟ್‌ನಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸುವ ಕ್ರಮವೂ ಜಾರಿಗೆ ಬಂದಿದೆ. ಹಾಗಾಗಿ ಹಣ ಕೊಡದೆ ಬಳಸುವವರು ಮುಖ್ಯ ತೀರ್ಮಾನಗಳನ್ನು ಬೇರೆ ದಾಖಲೆಯಲ್ಲಿ ಬರೆದಿಡಲೇಬೇಕು. ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರಿದ್ದರೆ ಜುಲಿಪ್ ಅಥವಾ ಅಂಥದ್ದೇ ಆ್ಯಪ್ ಆದ ಮ್ಯಾಟರ್‌ಮೋಸ್ಟ್ ಅನ್ನು ಸ್ವಂತ ಯಂತ್ರದಲ್ಲೇ ಕೂರಿಸಿಕೊಳ್ಳಬಹುದು. ಯಾವುದನ್ನೇ ಆರಿಸಿ, ಮೊದಲ ದಿನವೇ ಇಪ್ಪತ್ತು ಚಾನೆಲ್ ತೆರೆಯಬೇಡಿ. ಎಲ್ಲರಿಗೂ ತಿಳಿಯಬೇಕಾದ ಸೂಚನೆಗೆ ಒಂದು, ನಡೆಯುತ್ತಿರುವ ಕೆಲಸಕ್ಕೆ ಒಂದು, ಸಹಾಯ ಕೇಳಲು ಒಂದು. ಹುಟ್ಟುಹಬ್ಬ, ಕ್ರಿಕೆಟ್ಟು, ಊಟದ ಮಾತಿಗೂ ಒಂದಿರಲಿ. ಅದಿಲ್ಲದಿದ್ದರೆ ಆ ಮಾತು ಕೆಲಸದ ಚಾನೆಲ್ಲಿಗೇ ಬರುತ್ತದೆ.

ಇನ್ನು ಗಂಟೆಯ ಸದ್ದು. @ ಹಾಕಿ ಒಬ್ಬರ ಹೆಸರು ಬರೆದರೆ ಅವರಿಗೆ ಸೂಚನೆ ಹೋಗುತ್ತದೆ. @ಚಾನೆಲ್ ಎಂದರೆ ಚಾನೆಲ್‌ನ ಎಲ್ಲ ಸದಸ್ಯರಿಗೂ, @ಹಿಯರ್ ಎಂದರೆ ಆ ಹೊತ್ತಿಗೆ ಸಕ್ರಿಯರಾಗಿರುವವರಿಗೆ. ಐನೂರು ಜನರ ಚಾನೆಲ್‌ನಲ್ಲಿ @ಚಾನೆಲ್ ಎಂದು ಬರೆಯುವ ಮುನ್ನ, ಐನೂರು ಜನರೂ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಬೇಕಾದ ವಿಷಯವೇ ಎಂದು ಯೋಚಿಸಿ. ನಿಮ್ಮ ಫೋನಿನಲ್ಲಿ ಎಲ್ಲ ಸಂದೇಶಕ್ಕೂ ಸದ್ದು ಬರುವುದನ್ನು ನಿಲ್ಲಿಸಿ, ನಿಮ್ಮ ಹೆಸರು ಬಂದಾಗ ಮಾತ್ರ ಬರುವಂತೆ ಮಾಡಿಕೊಳ್ಳಿ. ರಾತ್ರಿಗೆ ಮೌನದ ವೇಳೆ ನಿಗದಿ ಮಾಡಿ. ‘ನೋಡುತ್ತಿದ್ದೇನೆ’ ಎನ್ನಲು ಕಣ್ಣಿನ ಇಮೋಜಿ, ‘ಮುಗಿಯಿತು’ ಎನ್ನಲು ಹಸಿರು ಗುರುತು ಸಾಕು. ಹತ್ತು ಜನ ‘ಓಕೆ’ ಬರೆದು ಹತ್ತು ಸಲ ಗಂಟೆ ಬಾರಿಸುವುದು ತಪ್ಪುತ್ತದೆ.

ರಾತ್ರಿ ಹನ್ನೊಂದಕ್ಕೆ ಏನೋ ಹೊಳೆದರೆ ಮ್ಯಾನೇಜರ್‌ಗಳು ಅದನ್ನು ಬೆಳಿಗ್ಗೆ ಒಂಬತ್ತೂವರೆಗೆ ಹೋಗುವಂತೆ ನಿಗದಿ ಮಾಡಬಹುದು. ಆ ಗುಂಡಿ ಕಳಿಸುವ ಗುಂಡಿಯ ಪಕ್ಕದಲ್ಲೇ ಇದೆ. ‘ಈಗಲೇ ನೋಡಬೇಕಿಲ್ಲ’ ಎಂದು ಸೇರಿಸಿದರೆ ಸಾಲದು. ಕೆಲಸಕ್ಕೆ ಸೇರಿ ಎರಡು ತಿಂಗಳಾದವರಿಗೆ ಮ್ಯಾನೇಜರ್‌ನ ಹೆಸರು ಪರದೆಯ ಮೇಲೆ ಕಂಡರೆ ನಿದ್ದೆ ಹೋಗುತ್ತದೆ. ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಲ್ಲೂ ಆಸ್ಟ್ರೇಲಿಯ 2024ರ ಆಗಸ್ಟ್‌ನಲ್ಲೂ ಕಾನೂನಿನ ಮೂಲಕ ಜಾರಿಗೆ ತಂದವು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರ ಕೊನೆಯಲ್ಲಿ ಲೋಕಸಭೆಯಲ್ಲಿ ಇದರ ಬಗ್ಗೆ ಖಾಸಗಿ ಮಸೂದೆ ಮಂಡಿಸಿದರೂ ಅದು ಕಾನೂನಾಗಲಿಲ್ಲ. ಕಾನೂನು ಬರುವವರೆಗೆ ಈ ಮಕ್ಕಳ ರಾತ್ರಿಗಳನ್ನು ಕಾಯುವುದು ಅವರ ಮೇಲಿನವರ ಹೊಣೆ.

ಸುರಕ್ಷತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಾಸ್‌ವರ್ಡ್, ಕೀಲಿ, ಗ್ರಾಹಕರ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಯಾವುದನ್ನೂ ಚಾನೆಲ್‌ನಲ್ಲಾಗಲಿ ಡಿಎಂನಲ್ಲಾಗಲಿ ಹಾಕಬೇಡಿ. 2024ರ ಜುಲೈನಲ್ಲಿ ಡಿಸ್ನಿ ಕಂಪನಿಯ ಸ್ಲ್ಯಾಕ್‌ನಿಂದ ಒಂದು ಟೆರಾಬೈಟ್‌ಗೂ ಹೆಚ್ಚು ಮಾಹಿತಿ ಕದ್ದು ಹೊರಹಾಕಿದ್ದರು. ಎಲ್ಲವನ್ನೂ ಉಳಿಸಿಡುವ ವ್ಯವಸ್ಥೆ ಕಳ್ಳನಿಗೂ ಎಲ್ಲವನ್ನೂ ಉಳಿಸಿಟ್ಟಿರುತ್ತದೆ.

ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದೇ ಥ್ರೆಡ್‌ಗೆ ಹಿಂತಿರುಗಿ ಬರೆಯಿರಿ: ‘ಸರಿಯಾಯಿತು. ಕಾನ್ಫಿಗ್ ಫೈಲಿನಲ್ಲಿ ಪೋರ್ಟ್ ಸಂಖ್ಯೆ ಹಳೆಯದಿತ್ತು, ಬದಲಿಸಿದೆ. ರೀಡ್‌ಮಿಯಲ್ಲೂ ತಿದ್ದಿದ್ದೇನೆ.’ ಕೊನೆಯ ವಾಕ್ಯ ನಿಜವಾಗಿಯೂ ನಿಜವಾಗಿರಲಿ. ಆ ಸಂದೇಶಕ್ಕೆ ತನ್ನದೇ ಒಂದು ಕೊಂಡಿ ಇರುತ್ತದೆ. ಬಲಗಡೆಯ ಮೂರು ಚುಕ್ಕಿ ಒತ್ತಿದರೆ ಅದನ್ನು ನಕಲು ಮಾಡಿಕೊಳ್ಳಬಹುದು. ಮುಂದಿನ ತಂಡ ಸೇರಿದಾಗ ಅವರಲ್ಲೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ, ಬಹುಶಃ ಡಿಎಂನಲ್ಲಿ, ಬರೀ ‘ಹಾಯ್’ ಎಂದು. ಅವರನ್ನು ಚಾನೆಲ್‌ಗೆ ಕರೆಯಿರಿ, ಆ ಕೊಂಡಿಯನ್ನು ಅಲ್ಲಿ ಅಂಟಿಸಿ.